ಲಾಡ್ಲೆಸಾಬನ ಕಿವಿ

ಇಪ್ಪತ್ತೆರಡು ವರ್ಷ
ಕರಿಹಲಗೆಯ ಮೇಲೆ ಬರೆದು ಅಳಿಸಿದ್ದೇನೆ:
ದ್ರವ ತಣ್ಣಗಿದ್ದಷ್ಟೂ ಅನಿಲ ಅದರೊಳಗೆ ನಿಲ್ಲುತ್ತದೆ.
ಮೂರು ಅಂಕದ ಪ್ರಶ್ನೆ, ಬಿಡಬೇಡಿ ಅಂದಿದ್ದೇನೆ.
ಮೇ ತಿಂಗಳ ಕಲಬುರಗಿ, ಮಾಳಿಗೆ ಮೇಲಿನ ಪತ್ರಾಸಿನ ಖೋಲಿ,
ಅಲ್ಲಿ ನನ್ನದೇ ಬಿಯರು ಸತ್ತು ಮಲಗಿತ್ತು.

ಬಿಳಿಜೋಳ ನೆನೆಹಾಕಿ, ಹಸಿ ಗೋಣಿತಾಟಿನಲ್ಲಿ ಮೊಳಕೆ ಬರಿಸಿ,
ಬಿಸಿಲಿಗೆ ಒಣಗಿಸಿ, ಒಂದು ಹಿಡಿಯಷ್ಟನ್ನು ಹಂಚಿನ ಮೇಲೆ ಕಂದಾಗಿಸಿ,
ಕುದಿಸಿ, ಸೋಸಿ, ಹದಿನೆಂಟು ದಿನ ಕಾದದ್ದು.
ನೆರೆಮನೆಯ ಸುಗಲಾಬಾಯಿಗೆ
"ಅಂಬಲಿ ಮಾಡಾಕತ್ತೀನ್ರಿ" ಅಂದಿದ್ದೆ.
ಅದೂ ಪೂರ್ತಿ ಸುಳ್ಳಲ್ಲ.

ಹೈದರಾಬಾದಿನ ಗುಜರಿಯ ಹತ್ತೊಂಬತ್ತು ಲೀಟರಿನ ಕೆಗ್ಗು,
ನಲ್ಲಿ ತಿರುವಿದರೆ
ಬಂದದ್ದು ಬಂಗಾರ ಬಣ್ಣದ ಮೌನ.
ನೊರೆಯಿಲ್ಲ. ನಾಲಿಗೆಗೆ ಚುರುಕಿಲ್ಲ.
ಗಾಳಿ ಏರಿಸಿದೆ. ಮರುದಿನವೂ ಏರಿಸಿದೆ.
ಮುಳ್ಳು ಮೇಲೆ ಹೋಗಿ ರಾತ್ರಿ ಇಳಿಯುತ್ತಿತ್ತು,
ಬಾಯಿಪಾಠ ಮಾಡಿ ಮಲಗಿದ ಹುಡುಗನಿಗೆ
ಬೆಳಗ್ಗೆ ಏನೂ ನೆನಪಿಲ್ಲದ ಹಾಗೆ.

ಸಿಲಿಂಡರು ಬಾಡಿಗೆಗೆ ಕೊಟ್ಟವನು ಶಹಾಬಜಾರಿನ ಲಾಡ್ಲೆಸಾಬ,
ಅಪ್ಪನ ಕಾಲದಿಂದ ಗೋಲಿಸೋಡಾ.
ಯಾಕೆಂದು ಆಗ ಕೇಳಿರಲಿಲ್ಲ. ಈಗ ಹೇಳಬೇಕಾಯಿತು.
ಗಡ್ಡ ನೀವಿಕೊಂಡ.
ಗೋಲಿಯೊಂದನ್ನು ಒತ್ತಿ ಟಪ್ಪೆನಿಸಿ
ಗಿರಾಕಿಗೆ ಕೊಟ್ಟು, ಚಿಲ್ಲರೆ ಎಣಿಸಿಕೊಂಡು, ಅಂದ:
"ಅದನ್ನ ಕುಡಿಯಂಗಿಲ್ಲ ನಾ, ಮೇಡಂ.
ಖರೇ, ಗಾಳಿದೇನು ತಪ್ಪದ?
ಗಾಳಿ ನೋಡಲಾಕ ಬರ್ತೀನಿ."

ಮಾಳಿಗೆ ಹತ್ತಿದವನು ಮುಚ್ಚಳದ ಹತ್ತಿರ ಕಿವಿ ತಂದ,
ಉಸಿರು ಹಿಡಿದ. ನಾನೂ ಹಿಡಿದೆ.
ಕೆಳಗೆ ರೋಡಿನಲ್ಲಿ ಕಲ್ಲಂಗಡಿ ಮಾರುವವನ ಮೈಕು.
"ಸಬಕಾರ ತರ್ರಿ."
ನೊರೆ ಎಬ್ಬಿಸಿ ಅಂಚಿನ ಸುತ್ತ ಸವರಿದ.
ಎಡಕ್ಕೆ, ಒಂದೇ ಕಡೆ, ಸಾಸಿವೆಯಷ್ಟು ಗುಳ್ಳೆ
ಹುಟ್ಟಿತು, ಉಬ್ಬಿತು, ಒಡೆಯಿತು. ಮತ್ತೊಂದು.
"ನೋಡ್ರಿ, ಇಲ್ಲಿಂದ ಊರು ಬಿಟ್ಟು ಹೊಂಟದ."

ಮುಚ್ಚಳ ನಾನೇ ತೆಗೆದೆ; ವಾಸನೆಗೆ ಅವನು ಮುಖ ಆ ಕಡೆ ಮಾಡಿ ನಿಂತ.
ಹಳೆ ವಾಷರು ಹಿಮ್ಮಡಿಯ ಹಾಗೆ ಬಿರಿದಿತ್ತು.
ಜುಬ್ಬಾದ ಜೇಬಿನಿಂದ ಹೊಸದು ತೆಗೆದು, ಹಿಂದಿರುಗದೆಯೇ
ಹೆಗಲ ಮೇಲಿಂದ ಚಾಚಿದ.

ಆಮೇಲೆ ಪತ್ರಾಸಿಗೆ ಅಂಗೈ ತಾಗಿಸಿ ತಟ್ಟನೆ ಎಳೆದುಕೊಂಡ.
"ಕಾಲೇಜಿನ್ಯಾಗ ಏನು ಕಲಸ್ತೀರಿ ಮೇಡಂ?"
"ಕೆಮಿಸ್ಟ್ರಿ."
ನಗಲಿಲ್ಲ ಅವನು. ಅದೇ ಹೆಚ್ಚು ಉರಿಯಿತು.
"ಬಿಸಿಯೊಳಗ ಗಾಳಿ ಕೂಡಂಗಿಲ್ರಿ. ಬರ್ಫ ತರಸ್ರಿ."

ಎರಡು ಲಾದಿ ಬರ್ಫ, ಗೋಣಿಚೀಲ, ನೀಲಿ ಡ್ರಮ್ಮು.
ಅವನು ನಮಾಜಿಗೆ ಹೋಗಿ, ಅಂಗಡಿ ನೋಡಿ, ಮತ್ತೆ ಬರುವಷ್ಟರಲ್ಲಿ
ಕೆಗ್ಗಿನ ಮೈ ಬೆವರುತ್ತಿತ್ತು.
ಮುಳ್ಳು ಮೂವತ್ತಕ್ಕೆ. ಕೌದಿಯ ಮೇಲೆ ಅಡ್ಡ ಮಲಗಿಸಿ
ಅತ್ತಿತ್ತ ಉರುಳಿಸಿದೆ.
ತೊಟ್ಟಿಲು ಅನ್ನಬಹುದಿತ್ತು.
ಮಕ್ಕಳಿಲ್ಲದವಳು ಏನು ತೂಗಿದರೂ ಜನ ಅದನ್ನೇ ಅನ್ನುತ್ತಾರೆ.
ಅಲ್ಲ. ಇದು ಕೆಗ್ಗು. ಇಪ್ಪತ್ತೈದು ಕಿಲೋ. ನನ್ನ ಸೊಂಟಕ್ಕೆ ಗೊತ್ತು.
ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅವನು ಎಣಿಸಿದ,
ಅಪ್ಪ ಸೋಡಾ ಯಂತ್ರ ತಿರುವುತ್ತಿದ್ದ ಲೆಕ್ಕ:
ಪಚಾಸ್, ಸಾಠ್, ಜರಾ ಜೋರಾಗಿ, ಸತ್ತರ್...
ಒಳಗಿನಿಂದ ಸಿಲಿಂಡರಿನ ಗಾಳಿ
ಗೊರಗೊರ ಇಳಿಯಿತು, ಕಡೆಗೆ ನಿಂತಿತು.

ಮೊದಲ ಗ್ಲಾಸು ಬರೀ ನೊರೆ.
ಒತ್ತಡ ಬಿಟ್ಟು, ಇಳಿಸಿ, ಎರಡನೆಯದು ಹಿಡಿದೆ.
ತಳದಿಂದ ಸಾಲು ಸಾಲು ಎದ್ದು ಬಂದವು.
ಕುಡಿಯುವ ಮೊದಲು ಅವನ ಕಿವಿಯ ಹತ್ತಿರ ಒಯ್ದೆ.
ಕಣ್ಣು ಮುಚ್ಚಿದ.
"ಹಾಂ. ಮಾತಾಡ್ಲಾಕತ್ತದ."

ವಾಷರಿಗೆ ಮೂವತ್ತು, ಬಾಡಿಗಿ ಬ್ಯಾರೆ.
ಕೈ ತೊಳೆದ, ಮತ್ತೊಮ್ಮೆ ತೊಳೆದ, ಮೆಟ್ಟಿಲು ಇಳಿದ.
ಕೆಳಗೆ ಸುಗಲಾಬಾಯಿಯ ದನಿ: "ಏನು ನಡದದ್ರೀ ಮ್ಯಾಲ?"
ನಾನು ಗ್ಲಾಸು ಬಾಯಿಗಿಟ್ಟವಳು ಹಾಗೇ ನಿಂತೆ.
ಸುಳ್ಳು ಹೇಳುವವನಲ್ಲ ಲಾಡ್ಲೆಸಾಬ.
"ಗಾಳಿ ರಿಪೇರಿ ಇತ್ರಿ, ಬಾಯಾರೆ," ಅಂದ.
"ಆತು."